ಅಮ್ಮ ವಾಟ್ಸಾಪ್ ಗ್ರೂಪ್ ನೋಡಿ ಲಿವರ್ ಡಿಟಾಕ್ಸ್ ಶುರು ಮಾಡಿದ್ದಾರೆ, ಶುಗರ್ ಮಾತ್ರೆನೂ ಬಿಟ್ಟಿದ್ದಾರೆ, ಏನ್ ಮಾಡ್ಲಿ?

ಮೊಗ್ಗಿನ_ಜಡೆ (ಪ್ರಶ್ನೆ ಕೇಳಿದವರು)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ. ಅಮ್ಮಂಗೆ 61, ಹಾಸನದಲ್ಲಿ ಅಪ್ಪ ಅಮ್ಮ ಇಬ್ರೇ ಇರೋದು, ನಾನು ಬೆಂಗಳೂರಲ್ಲಿ. ಅಮ್ಮಂಗೆ ಶುಗರ್ ಬಿಪಿ ಎರಡೂ ಇದೆ, ಹೋದ ವರ್ಷ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಸಣ್ಣ ಕಲ್ಲಿದೆ ಅಂತನೂ ಬಂತು. ಈಗ ಯಾರೋ ಪಕ್ಕದ ಬೀದಿಯವರು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾರೆ, ಅಲ್ಲಿ 21 ದಿನದ "ಲಿವರ್ ಶುದ್ಧಿ" ಅಂತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ಹಾಗಲಕಾಯಿ ನೆಲ್ಲಿಕಾಯಿ ಮೂರೂ ಸೇರಿಸಿ ಜ್ಯೂಸು, ಆಮೇಲೆ ಅಮೃತಬಳ್ಳಿ ಕಷಾಯ, ಮಧ್ಯಾಹ್ನದ ತನಕ ಎಳನೀರು, ರಾತ್ರಿ ಬರೀ ಹಣ್ಣು. ಅನ್ನ ಮುದ್ದೆ ಕಾಫಿ ಏನೂ ಇಲ್ಲ. ಬರೋ ಭಾನುವಾರ ಎಪ್ಸಮ್ ಸಾಲ್ಟ್ ಕುಡಿದು ಅದರ ಮೇಲೆ ಆಲಿವ್ ಎಣ್ಣೆ ನಿಂಬೆರಸ ಕುಡೀಬೇಕಂತೆ, ಕಲ್ಲು ಹೊರಗೆ ಬರತ್ತಂತೆ, ಗ್ರೂಪಲ್ಲಿ ಜನ ಹಸಿರು ಹಸಿರು ಕಲ್ಲಿನ ಫೋಟೋ ಹಾಕ್ತಿದ್ದಾರೆ (ಊಟ ಮಾಡ್ತಾ ಆ ಫೋಟೋ ನೋಡ್ಬೇಡಿ).

ಹೋದ ವಾರ ಒಂದು ಕಲ್ಯಾಣ ಮಂಟಪದಲ್ಲಿ ಕ್ಯಾಂಪ್ ಮಾಡಿದ್ರು, ಟಬ್ಬಲ್ಲಿ ಕಾಲಿಟ್ರೆ ನೀರು ಕಂದು ಬಣ್ಣಕ್ಕೆ ತಿರುಗೋ ಮಷೀನು, ಅದು ಮೈಯಲ್ಲಿರೋ ವಿಷ ಅಂತೆ. ಅಮ್ಮ ಅದನ್ನ ಕಣ್ಣಾರೆ ನೋಡಿರೋದ್ರಿಂದ ಈಗ ಯಾರ ಮಾತೂ ಕೇಳಲ್ಲ. ಶುಗರ್ ಮಾತ್ರೆ ಎರಡೂ (ಮೆಟ್‌ಫಾರ್ಮಿನ್ ಗ್ಲಿಮೆಪಿರೈಡ್ ಸೇರಿರೋದೊಂದು, ಡಾಪಾಗ್ಲಿಫ್ಲೋಜಿನ್ ಒಂದು) "ಕೆಮಿಕಲ್ಲು" ಅಂತ ನಿಲ್ಲಿಸಿದ್ದಾರೆ, ಬಿಪಿದು ಟೆಲ್ಮಿಸಾರ್ಟನ್ ಮಾತ್ರ ಹೆದರಿಕೊಂಡು ತಗೋತಾ ಇದ್ದಾರೆ. ಎರಡು ಕೇಜಿ ಇಳಿದಿದ್ದಾರೆ, ಅದೇ ದೊಡ್ಡ ಖುಷಿ. ತಲೆನೋವು ಸುಸ್ತು ಅಂದ್ರೆ ಗ್ರೂಪಿನ ಅಡ್ಮಿನ್ "ಅದು ಹೀಲಿಂಗ್ ಕ್ರೈಸಿಸ್, ವಿಷ ಹೊರಗೆ ಹೋಗ್ತಿದೆ, ಒಳ್ಳೇದೇ" ಅಂತ ವಾಯ್ಸ್ ಮೆಸೇಜ್ ಹಾಕ್ತಾನೆ. ಇದರಲ್ಲಿ ಏನಾದ್ರೂ ನಿಜ ಇದ್ಯಾ? ತೊಂದರೆ ಆಗೋ ಹಾಗಿದ್ರೆ ಯಾವುದ್ರಿಂದ? ಸುಮ್ನೆ "ಬಿಡಿಸಿ" ಅಂದ್ರೆ ಅಮ್ಮ ಬಿಡಲ್ಲ, ಕಾರಣ ಬೇಕು.

ಮೆಡಿಕಲ್ಸ್_ಅಂಗಡಿ_ತುಮಕೂರು

ಜ್ಯೂಸು ಗೀಸು ಆಮೇಲೆ, ಮೊದಲು ಮಾತ್ರೆ ವಿಷಯ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟು, ಆದ್ರೆ ನೀವು ಬರೆದಿರೋ ಮೂರು ಮಾತ್ರೆ ದಿನಾ ಕೈಯಲ್ಲಿ ಹಿಡಿಯೋನು. ಡಾಪಾಗ್ಲಿಫ್ಲೋಜಿನ್ ಸಕ್ಕರೆನ ಮೂತ್ರದಲ್ಲಿ ಹೊರಗೆ ಹಾಕೋ ಮಾತ್ರೆ, 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ರೇಟ್ ಇಳಿದು ಈಗ ಹಳ್ಳಿ ಹಳ್ಳಿಲೂ ಬರೀತಾರೆ. ಅದನ್ನ ತಗೊಳ್ಳೋರು ಊಟ ಬಿಟ್ಟು ನೀರೂ ಕಮ್ಮಿ ಆದ್ರೆ ಮೈ ಕೊಬ್ಬು ಕರಗಿಸೋಕೆ ಶುರು ಮಾಡಿ ರಕ್ತದಲ್ಲಿ ಕೀಟೋನ್ ಏರತ್ತೆ, ರಕ್ತ ಆಸಿಡ್ ಆಗತ್ತೆ, ಇದಕ್ಕೆ ಕೀಟೋಅಸಿಡೋಸಿಸ್ ಅಂತಾರೆ, ಐಸಿಯು ಕೇಸು. ಇದರ ಕೆಟ್ಟ ಗುಣ ಏನಂದ್ರೆ ಗ್ಲೂಕೋಮೀಟರಲ್ಲಿ ಸಕ್ಕರೆ ಏನೂ ವಿಪರೀತ ಇರಲ್ಲ, ಹಾಗಾಗಿ ಮನೇಲಿ ಯಾರಿಗೂ ಡೌಟೇ ಬರಲ್ಲ, ಹೊಟ್ಟೆ ನೋವು ವಾಂತಿ ಏದುಸಿರು ಅಂದ್ರೆ "ಡಿಟಾಕ್ಸ್ ಕೆಲಸ ಮಾಡ್ತಿದೆ" ಅಂದ್ಕೊಂಡು ಕೂತಿರ್ತಾರೆ. ಮಾತ್ರೆ ನಿಲ್ಲಿಸಿದ ತಕ್ಷಣ ಅದರ ಕೆಲಸ ನಿಲ್ಲಲ್ಲ, ಒಂದೆರಡು ಮೂರು ದಿನ ಇರತ್ತೆ, ಆಪರೇಷನ್‌ಗೆ ಮುಂಚೆ ಡಾಕ್ಟ್ರೇ ಮೂರು ದಿನ ಮೊದಲು ನಿಲ್ಲಿಸ್ತಾರಲ್ಲ, ಕಾರಣ ಇದೇ.

ಆಮೇಲೆ ನೀವು ಗಾಬರಿಯಾಗಿ ಇವತ್ತೇ ಎಲ್ಲಾ ಮಾತ್ರೆ ಒಟ್ಟಿಗೆ ನುಂಗಿಸೋಕೆ ಹೋಗ್ಬೇಡಿ. ಗ್ಲಿಮೆಪಿರೈಡ್ ನುಂಗಿ ಊಟ ಮಾಡ್ಲಿಲ್ಲ ಅಂದ್ರೆ ಸಕ್ಕರೆ ಧಡಕ್ಕನೆ ಇಳಿಯತ್ತೆ, ಬೆವರು ನಡುಕ, ಕೆಲವ್ರು ಪ್ರಜ್ಞೆ ತಪ್ಪಿ ಬೀಳ್ತಾರೆ. ಮೊದಲು ಮಾಮೂಲಿ ಊಟ ಶುರು ಆಗ್ಲಿ, ಯಾವ ಮಾತ್ರೆ ಯಾವಾಗಿಂದ ಅಂತ ಅವರ ಡಾಕ್ಟರ್‌ಗೇ ಫೋನ್ ಹಾಕಿ ಕೇಳಿ. ಇನ್ನೊಂದು, ಟೆಲ್ಮಿಸಾರ್ಟನ್ ಮೈಯಲ್ಲಿ ಪೊಟ್ಯಾಷಿಯಂ ಉಳಿಸಿಕೊಳ್ಳತ್ತೆ, ಎಳನೀರಲ್ಲಿ 100 ಎಂಎಲ್‌ಗೆ ಸುಮಾರು 250 ಮಿಲಿಗ್ರಾಂ ಪೊಟ್ಯಾಷಿಯಂ ಇರತ್ತೆ, ಮೇಲೆ ಜ್ಯೂಸು ಬೇರೆ. ಕಿಡ್ನಿ ಚೆನ್ನಾಗಿದ್ರೆ ಹೊರಗೆ ಹಾಕತ್ತೆ, ಸ್ವಲ್ಪ ಕಮ್ಮಿ ಇದ್ರೆ ಪೊಟ್ಯಾಷಿಯಂ ಏರಿ ಹೃದಯದ ಬಡಿತವೇ ಏರುಪೇರು ಆಗಬಹುದು. ಅಮ್ಮನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳೋ ರಕ್ತ ಪರೀಕ್ಷೆ) ಕೊನೇ ಸಲ ಎಷ್ಟಿತ್ತು?

ಧಾರವಾಡ_ಕೆಮಿಸ್ಟ್ರಿ_ಮಾಸ್ತರ

ಆ ಮಷೀನಿನ ಬಗ್ಗೆ ನಾ ಹೇಳ್ತೀನಿ ರೀ, ಯಾಕಂದ್ರ ಇದನ್ನ ನಾನು ಡಿಗ್ರಿ ಹುಡುಗರಿಗೆ ಲ್ಯಾಬಿನ್ಯಾಗ ಮಾಡಿ ತೋರಿಸ್ತೀನಿ. ಟಬ್ಬಿನ ನೀರಿಗೆ ಉಪ್ಪು ಹಾಕ್ತಾರ ಹೌದಲ್ರಿ? ಅದರಾಗ ಕಬ್ಬಿಣದ ಎಲೆಕ್ಟ್ರೋಡ್ ಇಳಿಬಿಟ್ಟು ಕರೆಂಟ್ ಹರಿಸಿದ್ರ ಕಬ್ಬಿಣ ಕರಗಿ ತುಕ್ಕು ಆಗ್ತೈತಿ. ಮೊದಲ ಹಳದಿ, ಆಮ್ಯಾಲೆ ಕಂದು, ಮ್ಯಾಲೆ ಬುರುಗು. ಒಳಗ ನಿಮ್ಮ ಕಾಲು ಇದ್ರೂ ಅಷ್ಟ, ಗಜ್ಜರಿ ಇದ್ರೂ ಅಷ್ಟ, ಏನೂ ಇರದಿದ್ರೂ ಅಷ್ಟ. ಅವ್ವಗ ಹೇಳ್ರಿ, ಮುಂದಿನ ಸಲ ಕ್ಯಾಂಪಿಗೆ ಹೋದ್ರ ಖಾಲಿ ಟಬ್ಬಿನ್ಯಾಗ ಒಮ್ಮೆ ಮಷೀನ್ ಚಾಲೂ ಮಾಡಿ ತೋರಿಸು ಅಂತ ಕೇಳಲಿ. ಅವರು ಮಾಡಿ ತೋರಿಸಂಗಿಲ್ಲ ಬಿಡ್ರಿ. ಇದರ ತಮ್ಮ ಒಬ್ಬ ಅದಾನ, ರಾತ್ರಿ ಅಂಗಾಲಿಗೆ ಹಚ್ಚಿ ಮಲಗೋ ಪ್ಯಾಡ್, ಮುಂಜಾನೆ ಕಪ್ಪಗ ಆಗಿರ್ತದ. ಅಮೆರಿಕಾದಾಗ ಅಂಥಾ ಕಿನೋಕಿ ಅನ್ನೋ ಪ್ಯಾಡ್ ಮಾರೋರ ಮ್ಯಾಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2009ರಾಗ ಕೇಸ್ ಹಾಕಿತ್ತು, ಮರುವರ್ಷ ಇಂಥಾ ಧಂದೆನ ಮಾಡಬ್ಯಾಡ್ರಿ ಅಂತ ಬಂದ್ ಮಾಡಿಸ್ತು.

ಇನ್ನ ಆ ಹಸಿರು ಕಲ್ಲು. ಇದು ಭಾಳ ಮಜಾ ಐತಿ. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಅನ್ನೋ ಊರಾಗ 40 ವರ್ಷದ ಒಬ್ಬ ಹೆಣ್ಣುಮಗಳು ನಿಮ್ಮ ಅವ್ವ ಮಾಡಾಕ ಹೊಂಟಿರೋದನ್ನ ಮಾಡಿ (ಆಲಿವ್ ಎಣ್ಣಿ 600 ಎಂಎಲ್, ನಿಂಬಿರಸ 300 ಎಂಎಲ್!) ಹೊರಗ ಬಂದ "ಕಲ್ಲು" ಡಬ್ಬಿಯೊಳಗ ತುಂಬ್ಕೊಂಡು ಆಸ್ಪತ್ರಿಗೆ ಬಂದ್ಲು. ಡಾಕ್ಟರ್ ಅದನ್ನ ಲ್ಯಾಬಿಗೆ ಕಳಿಸಿದ್ರ ಕೊಲೆಸ್ಟ್ರಾಲ್ ಇಲ್ಲ, ಬಿಲಿರುಬಿನ್ ಇಲ್ಲ, ಕ್ಯಾಲ್ಸಿಯಂ ಇಲ್ಲ, ಅಂದ್ರ ಪಿತ್ತದ ಕಲ್ಲಿನ್ಯಾಗ ಇರಬೇಕಾದ್ದು ಯಾವುದೂ ಇಲ್ಲ, 75 ಪರ್ಸೆಂಟ್ ಫ್ಯಾಟಿ ಆಸಿಡ್ಡು. 40 ಡಿಗ್ರಿಗೆ ಕಾಸಿದ್ರ ಹತ್ತು ಮಿನಿಟಿನ್ಯಾಗ ಕರಗಿ ಹಸಿರು ಎಣ್ಣಿ ಆತು. ಅಂದ್ರ ಕುಡದ ಎಣ್ಣಿನೇ ಹೊಟ್ಟಿಯೊಳಗ ನಿಂಬಿರಸದ ಪೊಟ್ಯಾಷಿಯಂ ಕೂಡ ಸೇರಿ ಸಾಬಾಣ ಆಗಿತ್ತು. ಅಸಲಿ ಕಲ್ಲು ಪಿತ್ತಕೋಶದೊಳಗ ಆರಾಮ ಕುಂತಿದ್ವು, ಅವನ್ನ ಆಮ್ಯಾಲೆ ಆಪರೇಷನ್ ಮಾಡಿ ತಗದ್ರು. 2005ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಾದಾಗ ಬಂದೈತಿ. ಗ್ರೂಪಿನ್ಯಾಗ ಫೋಟೋ ಹಾಕ್ತಿರೋರೆಲ್ಲ ಸಾಬಾಣದ ಫೋಟೋ ಹಾಕ್ಲಿಕತ್ತಾರ.

ಹಸಿರೇ_ಉಸಿರು

ಇಲ್ಲಿ ಎಲ್ರೂ ಅಲೋಪತಿ ಏಜೆಂಟ್ಸ್ ಇದ್ದ ಹಾಗಿದೆ. ನಮ್ಮಜ್ಜಿ ಮೂರು ತಿಂಗಳಿಗೊಂದ್ ಸಲ ಎಲ್ಲಾ ಮಕ್ಕಳಿಗೂ ಹರಳೆಣ್ಣೆ ಕುಡಿಸಿ ಹೊಟ್ಟೆ ಕ್ಲೀನ್ ಮಾಡಿಸ್ತಿದ್ರು, ಅವರೇನು ದಡ್ಡರಾ? ಏಕಾದಶಿ ಉಪವಾಸ ಯಾಕೆ ಮಾಡ್ತಾರೆ? ನಾನೇ ಜ್ಯೂಸ್ ಫಾಸ್ಟಿಂಗ್ ಮಾಡಿದೀನಿ, ಮೊದಲು ತಲೆನೋವು ಬಂತು, ಆಮೇಲೆ ಮೈ ಹಗುರ ಆಯ್ತು, ಗ್ಯಾಸ್ ಹೋಯ್ತು, ತೂಕ ಇಳೀತು. ಲಕ್ಷಾಂತರ ಜನ ಮಾಡ್ತಿದ್ದಾರೆ. ಸೈಡ್ ಎಫೆಕ್ಟ್ ಇರೋ ಮಾತ್ರೆ ಜೀವನಪೂರ್ತಿ ನುಂಗಬಹುದು, ತರಕಾರಿ ಜ್ಯೂಸ್ ಕುಡಿದ್ರೆ ತಪ್ಪಾ?

ಮೆಡಿಕಲ್ಸ್_ಅಂಗಡಿ_ತುಮಕೂರು

@ಹಸಿರೇ_ಉಸಿರು ಅಣ್ಣ, ಡಿಟಾಕ್ಸ್ ಡಬ್ಬಗಳೂ ನನ್ನ ಅಂಗಡಿಲೇ ಇದೆ ಕಣೋ, ಶುಗರ್ ಮಾತ್ರೆಗಿಂತ ಅದರಲ್ಲೇ ಮಾರ್ಜಿನ್ ಜಾಸ್ತಿ, ಏಜೆಂಟ್ ಆಗೋದಾದ್ರೆ ನಾನು ನಿನ್ ಕಡೆನೇ ಮಾತಾಡ್ಬೇಕಿತ್ತು.

ತಲೆನೋವು ವಿಷಯ ಕೇಳು. ಹಾಸನದ ಹೆಂಗಸು, ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಕುಡೀತಿದ್ದೋರು ಒಂದೇ ದಿನಕ್ಕೆ ನಿಲ್ಲಿಸಿದ್ರೆ ತಲೆ ಸಿಡಿಯದೆ ಇನ್ನೇನಾಗತ್ತೆ. ಕಾಫಿ ಬಿಟ್ಟ 12ರಿಂದ 24 ಗಂಟೆಯಲ್ಲಿ ಶುರುವಾಗಿ ಒಂದೆರಡು ದಿನ ಜೋರಾಗಿದ್ದು ಒಂದು ವಾರದ ಹೊತ್ತಿಗೆ ತಾನೇ ಹೋಗತ್ತೆ. ಅಡ್ಮಿನ್ ಅದನ್ನ ವಿಷ ಅಂತಾನೆ, ಅದು ಹೋದಾಗ ಶುದ್ಧಿ ಆಯ್ತು ಅಂತಾನೆ. ತೂಕನೂ ಅಷ್ಟೇ. ಲಿವರಲ್ಲಿ ಮಾಂಸಖಂಡದಲ್ಲಿ ಗ್ಲೈಕೋಜನ್ ಅಂತ ಸಕ್ಕರೆ ದಾಸ್ತಾನು ಇರತ್ತೆ, ಸುಮಾರು ಅರ್ಧ ಕೇಜಿ ಹತ್ರ, ಒಂದೊಂದು ಗ್ರಾಮೂ ಮೂರು ಗ್ರಾಂ ನೀರು ಹಿಡ್ಕೊಂಡಿರತ್ತೆ. ಊಟ ಬಿಟ್ಟಾಗ ಮೊದಲು ಖಾಲಿ ಆಗೋದು ಅದೇ, ಅದಕ್ಕೆ ಎರಡು ಕೇಜಿ ಬೇಗ ಇಳಿಯತ್ತೆ, ಎರಡು ದಿನ ಮುದ್ದೆ ಉಂಡ್ರೆ ವಾಪಸ್. ಗ್ಯಾಸ್ ಹೋಗಿದ್ದು ಕರಿದ ಬೋಂಡ ಬಿಟ್ಟಿದ್ದಕ್ಕೆ, ಅದಕ್ಕೆ ನಾನೂ ಒಪ್ತೀನಿ, ಬಿಡು ಬೋಂಡ.

ಹರಳೆಣ್ಣೆ ನಮಗೂ ಮೂಗು ಹಿಡಿದು ಕುಡಿಸಿದ್ದಾರೆ. ಅದು ಭೇದಿ ಮಾಡಿಸತ್ತೆ, ಕರುಳಲ್ಲಿ ಇದ್ದದ್ದು ಹೋಗತ್ತೆ, ಅಷ್ಟೇ. ಲಿವರ್ರಿಗೂ ರಕ್ತಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಗ ಜಂತುಹುಳದ ಕಾಟ ಇತ್ತು, ಬೇರೆ ದಾರಿ ಇರ್ಲಿಲ್ಲ, ಈಗ ಶಾಲೇಲೇ ಅಲ್ಬೆಂಡಜೋಲ್ ಅಂತ ಹುಳದ ಮಾತ್ರೆ ಕೊಡ್ತಾರೆ. ಏಕಾದಶಿ ಮಾಡೋರು ಯಾರೂ ನಾಳೆ ಪಿತ್ತದ ಕಲ್ಲು ಬೀಳತ್ತೆ ಅಂತ ಮಾಡಲ್ಲ, ಶುಗರ್ ಮಾತ್ರೆ ಬಿಡಿ ಅಂತ ಯಾವ ಪುರೋಹಿತರೂ ವಾಯ್ಸ್ ಮೆಸೇಜ್ ಹಾಕಲ್ಲ. ಅದನ್ನ ಇದಕ್ಕೆ ತಂದು ಗಂಟು ಹಾಕ್ಬೇಡ.

ವಿಷ ವಿಷ ಅಂತೀಯಲ್ಲ, ಯಾವ ವಿಷ, ಹೆಸರು ಹೇಳು. 2009ರಲ್ಲಿ ಬ್ರಿಟನ್ನಿನ ಎಳೇ ವಿಜ್ಞಾನಿಗಳ ಒಂದು ಗುಂಪು ಡಿಟಾಕ್ಸ್ ಅಂತ ಬರೆದು ಮಾರ್ತಿದ್ದ 15 ಸಾಮಾನಿನ ಕಂಪನಿಗಳಿಗೆ ಇದೇ ಪ್ರಶ್ನೆ ಕೇಳ್ತು, ಒಬ್ಬರ ಉತ್ತರಕ್ಕೂ ಇನ್ನೊಬ್ಬರದಕ್ಕೂ ತಾಳೆ ಆಗ್ಲಿಲ್ಲ, ಯಾವ ವಿಷ ಅಂತ ಹೇಳೋಕೆ ಯಾರಿಗೂ ಬರ್ಲಿಲ್ಲ. 2015ರಲ್ಲಿ ಡಿಟಾಕ್ಸ್ ಡಯಟ್‌ಗಳ ಮೇಲೆ ಬಂದಿದ್ದ ಸಂಶೋಧನೆ ಎಲ್ಲಾ ಗುಡ್ಡೆ ಹಾಕಿ ನೋಡಿದವರಿಗೆ ಸರಿಯಾದ ಒಂದೇ ಒಂದು ರ‍್ಯಾಂಡಮೈಸ್ಡ್ ಟ್ರಯಲ್ (ಚೀಟಿ ಎತ್ತಿದ ಹಾಗೆ ಜನರನ್ನ ಗುಂಪು ಮಾಡಿ ಹೋಲಿಸಿ ನೋಡೋ ಪರೀಕ್ಷೆ) ಸಿಗ್ಲಿಲ್ಲ. ಸೀಸದ ವಿಷ ಅಂತ ನಿಜವಾಗ್ಲೂ ಇದೆ, ಅದಕ್ಕೆ ರಕ್ತ ಪರೀಕ್ಷೆ ಇದೆ, ತೆಗೆಯೋ ಔಷಧಿನೂ ಇದೆ, ಆಸ್ಪತ್ರೇಲಿ ಹುಷಾರಾಗಿ ಕೊಡ್ತಾರೆ. ಕುಡಿತ ಬಿಡಿಸೋಕೆ ನಿಮ್ಹಾನ್ಸಲ್ಲಿ ಮಾಡೋ ಡಿಟಾಕ್ಸೂ ನಿಜದ್ದು. ಕಲ್ಯಾಣ ಮಂಟಪದ್ದು ಯಾವ ಪರೀಕ್ಷೆ ಮಾಡಿ ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯ್ತು ಅಂತ ತೋರಿಸಿದೆ?

ಉಡುಪಿ_ಡಯಾಲಿಸಿಸ್_ವಾರ್ಡ್

ನಾನು ಡಯಾಲಿಸಿಸ್ ಟೆಕ್ನಿಶಿಯನ್. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರ ಮಾಡಿ ಹೊರಗೆ ಬಿಡುದು, ಅದು ನಿಂತ್ರೆ ನಮ್ಮ ಮಿಷಿನಿಗೆ ವಾರಕ್ಕೆ ಮೂರು ಸಲ ನಾಲ್ಕ್ನಾಲ್ಕು ಗಂಟೆ ಬೇಕು, ಆದ್ರೂ ಪೂರ್ತಿ ಆಗುದಿಲ್ಲ. ಅದನ್ನು ದಿನಾ ನೋಡುವವರಿಗೆ "ಜ್ಯೂಸ್ ಕುಡಿದು ಕಿಡ್ನಿ ತೊಳೆಯುದು" ಅಂದ್ರೆ ನಗುದಾ ಅಳುದಾ ಗೊತ್ತಾಗುದಿಲ್ಲ ಮಾರಾಯ್ರೆ.

ತರಕಾರಿ ಜ್ಯೂಸ್ ಕುಡಿದ್ರೆ ಎಂತ ತಪ್ಪು ಅಂತ ಒಬ್ರು ಕೇಳಿದ್ರಲ್ಲ. ನಮ್ಮ ಕಡೆ ಬಿಂಬುಳಿ ಅಂತ ಹುಳಿ ಕಾಯಿ ಉಂಟಲ್ಲ, ಮೀನು ಸಾರಿಗೆ ನಾಲ್ಕು ಹಾಕಿದ್ರೆ ಎಂತ ಆಗುದಿಲ್ಲ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿತದೆ ಅಂತ ಅದರ ಜ್ಯೂಸ್ ಮಾಡಿ ಕುಡಿದ 10 ಜನರಿಗೆ ಕಿಡ್ನಿ ನಿಂತದ್ದು 2013ರಲ್ಲಿ ವರದಿ ಆಗಿದೆ, 7 ಜನರಿಗೆ ಡಯಾಲಿಸಿಸ್ ಮಾಡಿದ್ದು. ಬಿಂಬುಳಿಯಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕಿಡ್ನಿಯ ನಾಳದಲ್ಲಿ ಹರಳು ಕಟ್ಟಿ ಕೂತ್ಕೊಳ್ತದೆ. ಪಾಲಕ್ ಹಾಕಿದ ಹಸಿರು ಸ್ಮೂದಿ ಕುಡಿದು ಹೀಗೇ ಆದ ಕೇಸು ಅಮೆರಿಕದಿಂದಲೂ ಬಂದಿದೆ. ಒಂದು ಹೊತ್ತಿಗೆ ತಟ್ಟೆಯಲ್ಲಿ ತಿನ್ನುವಷ್ಟು ಬೇರೆ, ಕೇಜಿಗಟ್ಲೆ ಹಿಂಡಿ ಲೋಟದಲ್ಲಿ ಕುಡಿಯುದು ಬೇರೆ.

ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಷಿಯಂ ಸಲ್ಫೇಟ್. ಅದು ಕೂಡ ಹೊರಗೆ ಹೋಗಬೇಕಾದ್ದು ಕಿಡ್ನಿಯಿಂದ್ಲೇ. ಶುಗರ್ ಬಿಪಿ ಇದ್ದವರ ಕಿಡ್ನಿ ಎಷ್ಟೋ ಸಲ ಒಳಗಿಂದೊಳಗೆ ಹಾಳಾಗಿರ್ತದೆ, ಅವರಿಗೇ ಗೊತ್ತಿರುದಿಲ್ಲ. ಮೆಗ್ನೀಷಿಯಂ ಏರಿದ್ರೆ ಬಿಪಿ ಬೀಳ್ತದೆ, ಕೈಕಾಲು ಸೋಲ್ತದೆ, ಉಸಿರೇ ನಿಧಾನ ಆಗ್ತದೆ. ಕಲ್ಲಿಗೆ ಅಂತ ದಿನಾ ಎಪ್ಸಮ್ ಸಾಲ್ಟ್ ಕುಡಿದ ಒಬ್ಬರಿಗೆ ಲಿವರಿಗೇ ಪೆಟ್ಟು ಬಿದ್ದದ್ದು 2017ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಉಂಟು. ಅಮೃತಬಳ್ಳಿಯೂ ಹಾಗೇ. ಕೊರೊನಾ ಟೈಮಲ್ಲಿ ಎಲ್ರೂ ಕುಡಿದ್ರಲ್ಲ, ಲಿವರ್ ಕೆಟ್ಟ 43 ಜನರ ವಿವರ ದೇಶದ ಬೇರೆ ಬೇರೆ ಆಸ್ಪತ್ರೆಯ ಲಿವರ್ ಡಾಕ್ಟರುಗಳು ಸೇರಿ 2022ರಲ್ಲಿ ಬರೆದ್ರು. ಆಯುಷ್ ಇಲಾಖೆ ಅಮೃತಬಳ್ಳಿ ಸೇಫ್ ಅಂತ್ಲೇ ಹೇಳಿದೆ, ಅದೂ ನಿಮಗೆ ಗೊತ್ತಿರ್ಲಿ. ಆದ್ರೆ ಲಿವರ್ ಶುದ್ಧಿಗೆ ಅಂತ ಹೇಳಿ ಲಿವರಿನ ಮೇಲೇ ಇಷ್ಟು ಡೌಟ್ ಇರುವ ಸಾಮಾನು ಖಾಲಿ ಹೊಟ್ಟೆಗೆ ಯಾಕೆ?

ಮೊಗ್ಗಿನ_ಜಡೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಕ್ರಿಯಾಟಿನಿನ್ 1.3 ಇತ್ತಂತೆ, ಅಪ್ಪ ಫೈಲ್ ನೋಡಿ ಹೇಳಿದ್ರು. ಈಗ ಫೋನಲ್ಲಿ ಅಮ್ಮ ಇನ್ನೊಂದ್ ವಿಷಯ ಹೇಳಿದ್ರು, ಇವತ್ತಿನ ಸೋರೆಕಾಯಿ ಸಿಕ್ಕಾಪಟ್ಟೆ ಕಹಿ ಇತ್ತಂತೆ, ಅರ್ಧ ಲೋಟ ಕುಡಿದು ವಾಂತಿ ಬಂದಂಗಾಗಿ ಇಟ್ಟಿದ್ದಾರೆ, ಗ್ರೂಪಲ್ಲಿ ಕೇಳಿದ್ರೆ "ಕಹಿ ಇದ್ದಷ್ಟೂ ಔಷಧಿ ಗುಣ, ಮೂಗು ಮುಚ್ಕೊಂಡು ಕುಡೀರಿ" ಅಂದಿದ್ದಾರೆ. ಇದು ಓಕೆನಾ??

ಧಾರವಾಡ_ಕೆಮಿಸ್ಟ್ರಿ_ಮಾಸ್ತರ

ಅಯ್ಯೋ ಬ್ಯಾಡ್ರಿ! ಮೊದಲ ಆ ಲೋಟ ಚೆಲ್ಲಸ್ರಿ. ಕಹಿ ಸೋರೆಕಾಯಿನ್ಯಾಗ ಕುಕರ್ಬಿಟಾಸಿನ್ ಅನ್ನೋ ಖರೇ ಖರೇ ವಿಷ ಇರ್ತೈತಿ, ಹುಳ ದನ ತಿನ್ನಬಾರದಂತ ಬಳ್ಳಿ ತಾನ ಮಾಡ್ಕೊಂಡಿರೋದು. 2010ರಾಗ ದಿಲ್ಲಿಯೊಳಗ ಒಬ್ಬ ವಿಜ್ಞಾನಿನೇ ಕಹಿ ಸೋರೆಕಾಯಿ ಜ್ಯೂಸ್ ಕುಡದು ತೀರಿಹೋದ್ರು, ಹಾಗಲಕಾಯಿ ರಸ ಕೂಡಿಸಿ ಕುಡದಿದ್ರು. ಆಮ್ಯಾಲೆ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ತಜ್ಞರ ಸಮಿತಿ ಇದನ್ನ ಪರೀಕ್ಷೆ ಮಾಡಿ 2012ರಾಗ ವರದಿ ಪ್ರಕಟ ಮಾಡ್ತು. ಹಿಂಡೋ ಮೊದಲ ಸಣ್ಣ ಹೋಳು ನಾಲಿಗಿಗೆ ಹಚ್ಚಿ ನೋಡ್ರಿ, ಕಹಿ ಇದ್ರ ಒಗೀರಿ, ಬ್ಯಾರೆ ರಸದ ಕೂಡ ಬೆರಸಬ್ಯಾಡ್ರಿ ಅಂತ ಹೇಳೈತಿ. ಹಾಗಲಕಾಯಿ ಕೂಡಿಸಿದ್ರ ಯಾವುದರ ಕಹಿ ಅಂತ ಹೆಂಗ ಗೊತ್ತಾಗಬೇಕು? ನಿಮ್ಮ ಗ್ರೂಪಿನವರು ಕೊಟ್ಟ ರೆಸಿಪಿನೇ ಅದು. ಇದಕ್ಕ ಪ್ರತಿವಿಷ ಇಲ್ರಿ. ವಾಂತಿ, ಹೊಟ್ಟಿನೋವು, ಭೇದಿ, ವಾಂತಿಯೊಳಗ ರಕ್ತ, ಬಿಪಿ ಬೀಳೋದು, ಇವು ಕಂಡ್ರ ಮನ್ಯಾಗ ಕುಂದ್ರಬ್ಯಾಡ್ರಿ. ಅರ್ಧ ಲೋಟ ಅಂದ್ರೂ ಶುಗರ್ ಇದ್ದೋರು, ನಾನಾಗಿದ್ರ ಈಗಿಂದೀಗ ಕರ್ಕೊಂಡು ಹೋಗ್ತಿದ್ದೆ.

ಉಡುಪಿ_ಡಯಾಲಿಸಿಸ್_ವಾರ್ಡ್

ಮಾಸ್ಟ್ರು ಹೇಳಿದ್ದು ಸರಿ, ಕಾಯಬೇಡಿ, ಅಪ್ಪನಿಗೆ ಹೇಳಿ ಆಟೋ ಹತ್ತಿಸಿ. ಕ್ಯಾಶುವಾಲ್ಟಿಯಲ್ಲಿ ಕಹಿ ಸೋರೆಕಾಯಿ ಜ್ಯೂಸ್ ಕುಡಿದಿದ್ದಾರೆ, ಡಾಪಾಗ್ಲಿಫ್ಲೋಜಿನ್ ತಗೊಳ್ತಿದ್ರು, ಊಟ ಮಾಡ್ತಿಲ್ಲ, ಈ ಮೂರು ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಜ್ಯೂಸಿನ ವಿಷಯ ಮುಚ್ಚಿಡುವವರೇ ಜಾಸ್ತಿ. ಸೋಡಿಯಂ ಪೊಟ್ಯಾಷಿಯಂ, ಕ್ರಿಯಾಟಿನಿನ್, ಕೀಟೋನ್, ಎಲ್‌ಎಫ್‌ಟಿ (ಲಿವರ್ ಟೆಸ್ಟ್) ಮಾಡ್ಲಿಕ್ಕೆ ಕೇಳಿ. ಗ್ಲೂಕೋಮೀಟರ್ ಒಂದೇ ನೋಡಿ ವಾಪಸ್ ಬರಬೇಡಿ.

ಮೈಸೂರು_ಸೊಸೆ

ಇದನ್ನ ನಮ್ಮತ್ತೆ ಜೊತೆ ಅನುಭವಿಸಿ ಹೇಳ್ತಿದೀನಿ. ಅಮ್ಮ ಹುಷಾರಾಗಿ ಬಂದ ಮೇಲೆ "ನಾನ್ ಹೇಳ್ಲಿಲ್ವಾ" ಅಂತ ಶುರು ಮಾಡ್ಬೇಡಿ, ಮಾಡಿದ್ರೆ ಮುಂದಿನ ಡಿಟಾಕ್ಸ್ ನಿಮಗೆ ಗೊತ್ತಾಗದ ಹಾಗೆ ಮಾಡ್ತಾರೆ. ಆ ಗ್ರೂಪಲ್ಲಿ ಬೆಳಿಗ್ಗೆ ಐದಕ್ಕೆ ಗುಡ್ ಮಾರ್ನಿಂಗ್ ಹೇಳೋರಿದ್ದಾರೆ, ಇವತ್ತು ಹೇಗಿದೀರಾ ಅಮ್ಮ ಅಂತ ಕೇಳೋರಿದ್ದಾರೆ, ನಮ್ಮನೇಲಿ ಅದನ್ನ ಯಾರು ಕೇಳ್ತಿದ್ವಿ? ನಾನು ಅತ್ತೆ ಜೊತೆ ಸಂಜೆ ವಾಕಿಂಗ್ ಶುರು ಮಾಡ್ದೆ, ಅವರ ಕೈಯಲ್ಲೇ ಗ್ರೂಪಿಗೆ ಒಂದು ಪ್ರಶ್ನೆ ಹಾಕಿಸ್ದೆ, "ಯಾವ ವಿಷ ಹೋಗತ್ತೆ, ಅದಕ್ಕೆ ಯಾವ ಲ್ಯಾಬ್ ಟೆಸ್ಟ್ ಮಾಡಿಸ್ಬೇಕು" ಅಂತ. ಉತ್ತರ ಬರ್ಲಿಲ್ಲ, ಅತ್ತೆನ ಗ್ರೂಪಿಂದ ತೆಗೆದ್ರು. ಅತ್ತೆಗೆ ಬಂತಲ್ಲ ಕೋಪ, ನಾನು ಹತ್ತು ವರ್ಷ ಹೇಳಿದ್ರೂ ಆಗದ್ದು ಆಗೋಯ್ತು.

ಇನ್ನೊಂದು, ಪೌಡರ್ ಡಬ್ಬ ಏನಾದ್ರೂ ಮಾರಿದ್ದಾರಾ ನೋಡಿ. ಎಫ್‌ಎಸ್‌ಎಸ್‌ಎಐ ನಂಬರ್ ಇದೆ ಗವರ್ಮೆಂಟ್ ಒಪ್ಪಿದೆ ಅಂತಾರೆ, ಅದು ತಿನ್ನೋ ಸಾಮಾನಿನ ಲೈಸೆನ್ಸು, ಕಾಯಿಲೆ ವಾಸಿ ಮಾಡತ್ತೆ ಅಂತ ಅಲ್ಲ. ಶುಗರ್ ವಾಸಿ ಮಾಡ್ತೀವಿ, ಪಿತ್ತದ ಕಲ್ಲು ತೆಗೀತೀವಿ ಅಂತ ಔಷಧಿಗೆ ಜಾಹೀರಾತು ಕೊಡೋದೇ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ, ಪಟ್ಟೀಲಿ ಎರಡೂ ಕಾಯಿಲೆ ಹೆಸರಿದೆ. ವಾಯ್ಸ್ ಮೆಸೇಜ್‌ಗಳನ್ನ ಡಿಲೀಟ್ ಮಾಡ್ಬೇಡಿ. ಮತ್ತೆ ಹೆಸರಿಲ್ಲದ ಗುಳಿಗೆ ಭಸ್ಮ ಅಂತ ಕೊಟ್ಟಿದ್ರೆ ಅದನ್ನೂ ಡಾಕ್ಟರ್‌ಗೆ ತೋರಿಸಿ, 2011-12ರಲ್ಲಿ ನ್ಯೂಯಾರ್ಕಲ್ಲಿ ಇಂಡಿಯಾದಿಂದ ತರಿಸಿದ ಗುಳಿಗೆ ನುಂಗಿದ ಆರು ಜನ ಬಸುರಿಯರ ರಕ್ತದಲ್ಲಿ ಸೀಸ ಸಿಕ್ಕಿತ್ತು.

ಮೊಗ್ಗಿನ_ಜಡೆ

ಅಪ್ಡೇಟ್. ರಾತ್ರಿನೇ ಕರ್ಕೊಂಡು ಹೋದ್ರು, ನಾನೂ ಬೆಳಗಿನ ಜಾವದ ಬಸ್ಸಲ್ಲಿ ಬಂದೆ. ಎರಡು ಮೂರು ಸಲ ವಾಂತಿ ಆಗಿತ್ತು, ರಕ್ತ ಇಲ್ಲ. ಕೀಟೋನ್ ಸ್ವಲ್ಪ ಏರಿತ್ತು, ಪೊಟ್ಯಾಷಿಯಂ 5.6, ಡ್ರಿಪ್ ಹಾಕಿ ಇಟ್ಕೊಂಡಿದ್ದಾರೆ, ಈಗ ಇಡ್ಲಿ ತಿಂದ್ರು. ಕಲ್ಲಿಗೆ ಡಾಕ್ಟರ್ ಹೇಳಿದ್ದು, ನೋವು ಇಲ್ದಿದ್ರೆ ಸುಮ್ನೆ ಬಿಡಿ, ನೋವು ಬಂದ್ರೆ ಸರ್ಜನ್ ಹತ್ರ ಹೋಗಿ ಅಂತ. ಅಮ್ಮ ಮಾತೇ ಆಡ್ತಿಲ್ಲ, ನಾನೂ ಏನೂ ಕೇಳಿಲ್ಲ @ಮೈಸೂರು_ಸೊಸೆ. ಮನೇಲಿ ಒಂದು ಕೇಜಿ ಎಪ್ಸಮ್ ಸಾಲ್ಟು, ಎರಡು ಬಾಟಲಿ ಆಲಿವ್ ಎಣ್ಣೆ ಕೂತಿದೆ, ವಾಪಸ್ ತಗೋತಾರಾ?

ಮೆಡಿಕಲ್ಸ್_ಅಂಗಡಿ_ತುಮಕೂರು

ಸದ್ಯ. ಸೀಲ್ ಒಡೆದಿದ್ರೆ ಯಾರೂ ತಗೊಳಲ್ಲ. ಎಣ್ಣೆ ಒಗ್ಗರಣೆಗೆ ಹಾಕಿ. ಸಾಲ್ಟು ಗಿಡಕ್ಕೆ, ನಿಮ್ಮೂರ ಕಾಫಿ ತೋಟದೋರು ಮೆಗ್ನೀಷಿಯಂ ಸಲ್ಫೇಟ್ ಅಂತ ಗೊಬ್ಬರದ ಅಂಗಡಿಯಿಂದ ಚೀಲಗಟ್ಟಲೆ ತರ್ತಾರಲ್ಲ ಅದೇ ಇದು, ಒಂದು ಚಮಚ ನೀರಲ್ಲಿ ಕರಗಿಸಿ ಗುಲಾಬಿ ಬುಡಕ್ಕೆ ಹಾಕಿ, ಜಾಸ್ತಿ ಬೇಡ. ಟೆಲ್ಮಿಸಾರ್ಟನ್ ಮುಂದುವರಿಸೋದಾ ಇಲ್ವಾ ಅಂತ ಡಿಸ್ಚಾರ್ಜ್ ಮುಂಚೆ ಕೇಳಿ, 5.6 ಅಂದ್ರೆ ಕೇಳಲೇಬೇಕು. ಅಮೃತಬಳ್ಳಿ ಕಷಾಯದ ವಿಷಯ ಹೇಳಿದ್ರಾ ಡಾಕ್ಟರ್‌ಗೆ? ಎಲ್‌ಎಫ್‌ಟಿ ಎಷ್ಟು ಬಂತು ಬರೀಲೇ ಇಲ್ಲ.